ಹಳೆಯ ರಥಕ್ಕೆ ಹೊಸ ಬಣ್ಣವೇಕೆ?

ಕಂಪ್ಲಿಯಲ್ಲಿರುವ ನಮ್ಮ ಸ್ನೇಹಿತರೊಬ್ಬರ ಹಿತ್ತಲ ಕೊಟ್ಟಿಗೆಯಲ್ಲಿ, ಭತ್ತದ ಚೀಲಗಳ ಮಗ್ಗುಲಿಗೆ, ಒಂದು ಅಂಬಾಸಿಡರ್ ಮೋಟಾರು ಮೂವತ್ತೈದು ವರ್ಷಗಳಿಂದ ನಿಶ್ಚಲವಾಗಿ ನಿಂತಿತ್ತು. ಅವರ ತಂದೆಯವರು 1960ರಲ್ಲಿ ಕೊಂಡದ್ದು. ವ್ಯಾಪಾರಕ್ಕಾಗಿ ಅವರು ಸಂಡೂರಿನ ಅದಿರುಸೀಮೆಯಲ್ಲಿ ತಿರುಗಾಡಿದ ಕೆಂಧೂಳು ಇನ್ನೂ ಅದರ ಒಡಲಿಗೆ ಅಂಟಿಕೊಂಡಿತ್ತು. ಈಚೆಗೆ ಅಣ್ಣತಮ್ಮಂದಿರಲ್ಲಿ ಮನೆ ಪಾಲಾಗಿ, ಕೊಟ್ಟಿಗೆಯನ್ನು ಕೆಡವಬೇಕಾಯಿತು. ಮೋಟಾರನ್ನು ಮಾರದೆ ಗತಿಯಿರಲಿಲ್ಲ.

ಗುಜರಿಯವನು ತೂಕದ ಬೆಲೆ ಹೇಳಿದನು. ಹೊಸಪೇಟೆಯ ಕೆಲಸಗಾರನೊಬ್ಬನು, “ಬಣ್ಣ ಹೊಡೆಸಿ, ಬೇರೆ ಎಂಜಿನು ಕೂಡಿಸಿ ಮಾರಿರಿ, ಇಮ್ಮಡಿ ಹಣ ಬರುತ್ತದೆ” ಎಂದನು. ಸ್ನೇಹಿತರು ನಮ್ಮ ಅಭಿಪ್ರಾಯವನ್ನು ಕೇಳಿದರು. ಯಂತ್ರವಿದ್ಯೆಯಲ್ಲಿ ನಾವು ಅನಭಿಜ್ಞರು. ಆದುದರಿಂದ ಅವರನ್ನು ಹಂಪೆಗೆ ಕರೆದೊಯ್ದೆವು.

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಾಣದವರಾರು? 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ. ಇಲ್ಲವೆಂದು ಯಾರೂ ಹೊಸ ಶಿಖರ ಕಟ್ಟಿ ಬಣ್ಣ ಬಳಿದಿಲ್ಲ. ಉಳಿದಷ್ಟು ನಿಜವಾದುದು, ಅದೇ ಅದರ ಬೆಲೆ.

ಕಾನೂನೂ ಇದೇ ಮಾತನ್ನಾಡುತ್ತದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಮಾಡಿದ ನಿಯಮಗಳಂತೆ, 50 ವರ್ಷ ಮೀರಿ ಮೂಲರೂಪದಲ್ಲಿಯೇ ಇರುವ, ಚಾಸಿ, ಒಡಲು, ಎಂಜಿನುಗಳಲ್ಲಿ ಹೆಚ್ಚಿನ ಮಾರ್ಪಾಡು ಹೊಂದದ ವಾಹನವೇ ಪುರಾತನವೆನಿಸತಕ್ಕದ್ದು. ಹಾಗೆಂದು ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ನಿತ್ಯದ ಓಡಾಟಕ್ಕೆ ಅದನ್ನು ಬಳಸಕೂಡದು. ಕೈ ಬದಲಾದರೆ ಮಾರಿದವರೂ ಕೊಂಡವರೂ 90 ದಿನಗಳೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು.

ವಾಚಕರ ಮನೆಗಳಲ್ಲಿಯೂ ಇಂತಹ ವಾಹನವಿದ್ದರೆ ಈ ಮಾತುಗಳನ್ನು ನೆನಪಿಡುವುದೊಳ್ಳೆಯದು. ಬಹುಕಾಲ ನಿಂತ ಎಂಜಿನನ್ನು ಥಟ್ಟನೆ ಓಡಿಸಲು ಯತ್ನಿಸಬಾರದು. ಹಳೆಯ ಪೆಟ್ರೋಲು ಅಂಟಾಗಿ ನಾಳಗಳನ್ನು ಕಟ್ಟಿರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಧೂಳೇ ಬಣ್ಣವನ್ನು ಗೀರುವುದು. ಚಾಸಿ, ಎಂಜಿನುಗಳ ಮೇಲಣ ಸಂಖ್ಯೆಗಳು ನೋಂದಣಿಪತ್ರಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು. ಹಳೆಯ ರಸೀದಿ, ಬೀಗದ ಕೈ, ಸಲಕರಣೆಗಳಲ್ಲಿ ಒಂದನ್ನೂ ಬಿಸಾಡಬಾರದು. ತುಕ್ಕು ಹಿಡಿದೆಡೆಯನ್ನು ಮರೆಮಾಚದೆ ತೋರಿಸಬೇಕು. ಸತ್ಯ ಹೇಳಿದ ಮಾರಾಟದಲ್ಲಿ ವ್ಯಾಜ್ಯ ಕಡಿಮೆ.

ಸ್ನೇಹಿತರು ಇದ್ದಂತೆಯೇ ಮಾರಿದರು. ಗುಜರಿಯ ಬೆಲೆಗಿಂತ ಎಷ್ಟೋ ಹೆಚ್ಚು ಬಂದಿತು. ಮೋಟಾರನ್ನು ಲಾರಿಗೆ ಏರಿಸುವ ಮುನ್ನ ಅವರ ವೃದ್ಧ ತಾಯಿಯವರು ಕುಂಕುಮವಿಟ್ಟು, ಚಕ್ರದಡಿಗೆ ನಿಂಬೆಹಣ್ಣಿಟ್ಟು, ಕೊಂಡವರನ್ನು ಕೇಳಿದರು: “ಬಣ್ಣ ಬದಲಿಸುವೆಯೇನಪ್ಪಾ?”

“ಇಲ್ಲಮ್ಮಾ, ಯಜಮಾನರು ಬಿಟ್ಟಂತೆಯೇ ಇರುತ್ತದೆ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ನಡೆದರು. ಕೆಂಧೂಳು ಮಾತ್ರ ಮೋಟಾರಿನೊಡನೆ ಹೋಯಿತು.