ಒಂದು ಹಾಳೆಯ ಆತ್ಮಚರಿತ್ರೆ

ಆತ್ಮಚರಿತ್ರೆಯನ್ನು ಬರೆಯುವುದು ತಲೆ ನರೆತವರ ಕೆಲಸವೆಂದು ನಾನು ಬಹುಕಾಲ ನಂಬಿದ್ದೆ. ಬದುಕು ಬಹುಮಟ್ಟಿಗೆ ಮುಗಿದ ಮೇಲೆ, ಜಗಲಿಯಲ್ಲಿ ಕುಳಿತು, ಬೇಕಾದುದನ್ನು ನೆನೆದು ಬೇಡವಾದುದನ್ನು ಮರೆತು ಬರೆಯತಕ್ಕ ಗ್ರಂಥ ಅದು. ಈಗ ಹಾಗಲ್ಲ. ಬದುಕನ್ನು ಇನ್ನೂ ಆರಂಭಿಸದ ತರುಣರೇ ಮೊದಲು ಆತ್ಮಚರಿತ್ರೆಯನ್ನು ಬರೆಯಬೇಕು. ಅದನ್ನೋದಿ ಯಾರಾದರೂ ಮೆಚ್ಚಿದರೆ ಅನಂತರ ಬದುಕು ಆರಂಭವಾಗುತ್ತದೆ. ಈ ಗ್ರಂಥಕ್ಕೆ ನಮ್ಮಲ್ಲಿ ‘ಬಯೋಡೇಟಾ’ ಎಂದು ಹೆಸರು. ‘ಸಿ.ವಿ.’ ಎನ್ನುವವರೂ ಉಂಟು. ‘ಬಾಳಿನ ಓಟ’ ಎಂಬ ಅರ್ಥದ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು. ‘ರೆಸ್ಯೂಮೆ’ ಎಂಬ ಫ್ರೆಂಚ್ ಮಾತಿಗಾದರೋ ‘ಸಂಗ್ರಹ’ ಎಂದಷ್ಟೇ ಅರ್ಥ. ಬಾಳಿನ ಓಟವನ್ನು ಒಂದೆರಡು ಹಾಳೆಗಳಲ್ಲಿ ಸಂಗ್ರಹಿಸುವುದು ಎಷ್ಟು ಕಷ್ಟವೆಂಬುದು ನನಗೆ ಚೆನ್ನಾಗಿ ಮನವರಿಕೆಯಾದದ್ದು ಈಚೆಗೆ.

ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅರಸೀಕೆರೆಯ ಕಡೆಯವನು, ಬಿ.ಕಾಂ. ಪದವೀಧರ, ವಯಸ್ಸು ಇಪ್ಪತ್ತಾರು. “ಸಾರ್, ನಲವತ್ತು ಕಡೆ ಅರ್ಜಿ ಹಾಕಿದೆ. ಒಂದು ಕಡೆಯಿಂದಲೂ ಕರೆ ಬರಲಿಲ್ಲ. ಇದರಲ್ಲಿ ಏನು ತಪ್ಪಿದೆಯೋ ನೀವೇ ನೋಡಿ” ಎಂದು ನಾಲ್ಕು ಹಾಳೆಗಳನ್ನು ನನ್ನ ಕೈಯಲ್ಲಿಟ್ಟ.

ಮೊದಲನೆಯ ಹಾಳೆಯ ತುಂಬ ತಂದೆಯ ಹೆಸರು, ಜಾತಿ, ಎತ್ತರ, ತೂಕ, ಭಾವಚಿತ್ರ. ಸರ್ಕಾರದ ಕೆಲಸಕ್ಕಾದರೆ ಗೊತ್ತುಮಾಡಿದ ನಮೂನೆಯಿರುತ್ತದೆ; ಅಲ್ಲಿ ಕೇಳಿದ್ದನ್ನೆಲ್ಲ ಕೇಳಿದ ಕ್ರಮದಲ್ಲಿಯೇ ತುಂಬಬೇಕು. ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ಅವನ ತೂಕವೇಕೆ? ಅದರ ಕೆಳಗೆ, ತನ್ನ ಪ್ರತಿಭೆಯನ್ನೆಲ್ಲ ಸಂಸ್ಥೆಯ ಏಳಿಗೆಗೆ ಮುಡಿಪಾಗಿಡುವುದೇ ತನ್ನ ಧ್ಯೇಯವೆಂಬ ವಾಕ್ಯ. ಇದೇ ವಾಕ್ಯವನ್ನು ನಾನು ಎಷ್ಟೋ ಮಂದಿಯ ಹಾಳೆಗಳಲ್ಲಿ ಓದಿದ್ದೆ. ಅನಂತರ ಗುಣಗಳ ಪಟ್ಟಿ: ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವವನು. ಕಟ್ಟಕಡೆಗೆ, ಮೇಲಿನದೆಲ್ಲವೂ ಸತ್ಯವೆಂಬ ಪ್ರಮಾಣವಚನ. ಪ್ರಮಾಣ ಮಾಡಿ ಹೇಳಬೇಕಾದಂಥ ಸಂಗತಿಯೊಂದೂ ಅದರಲ್ಲಿರಲಿಲ್ಲ.

ಆದರೆ ನನ್ನ ಕಣ್ಣು ನಿಂತದ್ದು ಇದ್ದುದರ ಮೇಲಲ್ಲ, ಇಲ್ಲದುದರ ಮೇಲೆ. ಪದವಿಯ ಅನಂತರದ ಮೂರು ವರ್ಷಗಳು ಕಾಣೆಯಾಗಿದ್ದುವು. ಕೇಳಿದೆ. ಅವನು ನೆಲವನ್ನು ನೋಡುತ್ತ, “ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು ಸಾರ್. ನಮ್ಮ ದಿನಸಿ ಅಂಗಡಿ ನೋಡಿಕೊಂಡಿದ್ದೆ. ಅದನ್ನು ಹೇಗೆ ಬರೆಯುವುದು? ಅದೇನು ಕೆಲಸವೆ?” ಎಂದ.

“ಅಂಗಡಿಯಲ್ಲಿ ಏನೇನು ಮಾಡುತ್ತಿದ್ದೆ, ಹೇಳಪ್ಪ” ಎಂದೆ. ಬಾಯಿ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಎಂಬತ್ತು ಮನೆಗಳ ಉದ್ರಿ ಲೆಕ್ಕ ತಂದೆಯ ಕೈಬರಹದ ಪುಸ್ತಕದಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿದನಂತೆ. ಯಾರೊಡನೆಯೂ ಜಗಳವಾಡದೆ ವರ್ಷದೊಳಗೆ ಬಾಕಿಯಲ್ಲಿ ಮುಕ್ಕಾಲು ಪಾಲನ್ನು ವಸೂಲು ಮಾಡಿದನಂತೆ. ಜಿ.ಎಸ್.ಟಿ. ಲೆಕ್ಕವನ್ನು ಒಮ್ಮೆಯೂ ದಂಡ ತೆರದೆ ಸಲ್ಲಿಸಿದನಂತೆ. ಲೆಕ್ಕಿಗನ ಕೆಲಸಕ್ಕೆ ಅರ್ಜಿ ಹಾಕುವವನು, ತಾನು ಮೂರು ವರ್ಷ ಲೆಕ್ಕ ಬರೆದುದನ್ನೇ ನಾಚಿಕೆಯಿಂದ ಮುಚ್ಚಿಟ್ಟಿದ್ದ!

ಅವನ ಸಂಕೋಚವನ್ನು ಬಿಡಿಸಲು ನಾನು ಎರಡು ಹಳೆಯ ಅರ್ಜಿಗಳ ಕಥೆಯನ್ನು ಹೇಳಿದೆ. ಸುಮಾರು 1482ರಲ್ಲಿ, ಮೂವತ್ತರ ವಯಸ್ಸಿನ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಪ್ರಭು ಲುಡೊವಿಕೊ ಸ್ಫೋರ್ಜಾನಿಗೆಂದು ಒಂದು ಪತ್ರವನ್ನು ಸಿದ್ಧಪಡಿಸಿದ. ಅದರಲ್ಲಿ ತನ್ನ ಸಾಮರ್ಥ್ಯಗಳನ್ನು ಅಂಕಿಯಿಟ್ಟು ಎಣಿಸಿದ್ದಾನೆ: ಹೊತ್ತೊಯ್ಯಬಲ್ಲ ಹಗುರವಾದ ಸೇತುವೆ, ಫಿರಂಗಿ, ಮುಚ್ಚಿದ ಯುದ್ಧರಥ, ಸುರಂಗ. ಶಾಂತಿಕಾಲದ ವಿದ್ಯೆಗಳಿಗೆ ಸ್ಥಳ ದೊರೆತದ್ದು ಪಟ್ಟಿಯ ಕೊನೆಗೆ; ಚಿತ್ರಕಲೆ ಅಲ್ಲಿ ಒಂದು ಮಾತಿನಷ್ಟು ಬಂದಿದೆ. ಲೋಕ ಇಂದು ಅವನನ್ನು ನೆನೆಯುವುದು ಚಿತ್ರಗಳಿಗಾಗಿ. ಆದರೆ ಮಿಲಾನಿಗೆ ಆಗ ಬೇಕಾಗಿದ್ದುದು ಯುದ್ಧವಿದ್ಯೆ. ತನಗೆ ಏನೇನು ಗೊತ್ತು ಎಂದಲ್ಲ, ಓದುವವನಿಗೆ ಏನು ಬೇಕು ಎಂಬುದರಿಂದ ಅವನು ಆರಂಭಿಸಿದ. ಜಾಹೀರಾತನ್ನು ಎರಡು ಸಲ ಓದಿ, ಒಂದೊಂದು ಕೆಲಸಕ್ಕೂ ಹಾಳೆಯ ಕ್ರಮವನ್ನು ತಿದ್ದಬೇಕೆನ್ನುವುದು ಇದಕ್ಕಾಗಿ. ನಲವತ್ತು ಕಡೆಗೂ ಒಂದೇ ಪ್ರತಿಯನ್ನು ಕಳುಹಿಸಿದ್ದೆನೆಂದು ನನ್ನ ಶಿಷ್ಯ ಆಗ ಒಪ್ಪಿಕೊಂಡ.

ಎರಡನೆಯದು, 1913ರ ಜನವರಿ 16ರಂದು ಮದರಾಸಿನಿಂದ ಹೊರಟ ಪತ್ರ. ಬರೆದವರು ಶ್ರೀನಿವಾಸ ರಾಮಾನುಜನ್. ಓದಿದವರು ಕೇಂಬ್ರಿಜ್ಜಿನ ಹಾರ್ಡಿ. ತಾವು ಪೋರ್ಟ್ ಟ್ರಸ್ಟಿನಲ್ಲಿ ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತರೆಂದೂ ವಿಶ್ವವಿದ್ಯಾನಿಲಯದ ಶಿಕ್ಷಣ ತಮಗಿಲ್ಲವೆಂದೂ ಅವರು ಮೊದಲಿಗೇ ಬರೆದರು, ಕೊರತೆಯನ್ನು ಮುಚ್ಚಿಡಲಿಲ್ಲ. ‘ನಾನು ಪ್ರತಿಭಾವಂತ’ ಎಂಬ ಮಾತಿನ ಬದಲಿಗೆ ತಾವು ಕಂಡ ಪ್ರಮೇಯಗಳನ್ನು ಹಾಳೆಗಟ್ಟಲೆ ಲಗತ್ತಿಸಿದರು. ಮರುವರ್ಷ ಅವರು ಕೇಂಬ್ರಿಜ್ಜಿನಲ್ಲಿದ್ದರು. ನಾವಾರೂ ರಾಮಾನುಜನ್ನರಲ್ಲ, ನಿಜ. ಆದರೂ ‘ಶ್ರಮಜೀವಿ’ ಎಂಬ ವಿಶೇಷಣಕ್ಕಿಂತ ‘ಎಂಬತ್ತು ಖಾತೆಗಳನ್ನು ನಿರ್ವಹಿಸಿದೆ’ ಎಂಬ ಕ್ರಿಯಾಪದಕ್ಕೆ ಹೆಚ್ಚು ತೂಕವೆಂಬುದು ನಮಗೂ ಸಲ್ಲುವ ಮಾತು.

ಹೆಚ್ಚಿಸಿ ಬರೆಯುವ ಆಸೆಯ ವಿಷಯದಲ್ಲಿ ನಾನೇ ಅನುಭವಸ್ಥ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಕಾಲೇಜಿಗೆ ಅರ್ಜಿ ಹಾಕುವಾಗ, ಸಂಜೆಯ ತರಗತಿಯಲ್ಲಿ ಆರು ಪಾಠ ಕೇಳಿದ್ದ ಧೈರ್ಯದ ಮೇಲೆ, ‘ಜರ್ಮನ್ ಬಲ್ಲೆ’ ಎಂದು ಬರೆದೆ. ಸಂದರ್ಶನ ಸಮಿತಿಯಲ್ಲಿದ್ದ ವೃದ್ಧರೊಬ್ಬರು ನಸುನಗುತ್ತ ಆ ಭಾಷೆಯಲ್ಲಿಯೇ ಏನನ್ನೋ ಕೇಳಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದೆ. ಆಮೇಲೆ ಅವರು ನನ್ನ ನಿಜವಾದ ಅಂಕಗಳನ್ನೂ ಅನುಮಾನದಿಂದಲೇ ನೋಡಿದರು. ಕೆಲಸ ತಪ್ಪಿದ ದುಃಖ ಆರು ತಿಂಗಳಿಗೆ ಮರೆಯಿತು. ಆ ಫ್ಯಾನು ಇಂದಿಗೂ ಮರೆತಿಲ್ಲ.

ಈಗ ಇನ್ನೊಬ್ಬ ಓದುಗನೂ ಸೇರಿದ್ದಾನೆ. ಅನೇಕ ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ಜರಡಿಹಿಡಿಯುವುದು ಕಂಪ್ಯೂಟರು. ಕೋಷ್ಟಕ, ಚಿತ್ರ, ಅಲಂಕಾರದ ಚೌಕಟ್ಟುಗಳೊಳಗಿನ ಅಕ್ಷರಗಳು ಅದಕ್ಕೆ ತಪ್ಪಿಹೋಗಬಹುದು. ಆದುದರಿಂದ ಶೀರ್ಷಿಕೆಗಳು ಸರಳವಾಗಿರಬೇಕು. ಜಾಹೀರಾತಿನಲ್ಲಿ ‘ಟ್ಯಾಲಿ’ ಎಂದಿದ್ದು ಅದು ನಮಗೆ ನಿಜವಾಗಿ ಬರುವುದಾದರೆ, ಅದೇ ಮಾತನ್ನೇ ಬಳಸಬೇಕು. ಕೇಳಿದರೆ ಇಡೀ ಹಾಳೆಯನ್ನೇ ಬರೆದುಕೊಡುವ ಯಂತ್ರಗಳೂ ಬಂದಿವೆ. ಕಾಗುಣಿತ ತಿದ್ದಲು ಅವು ಒಳ್ಳೆಯವೇ. ಆದರೆ ಆ ಉದ್ರಿ ಪುಸ್ತಕದ ಸಂಗತಿಯನ್ನು ನಾವು ಹೇಳದೆ ಅವು ಹೇಗೆ ಬಲ್ಲವು?

ಎರಡು ಸಂಜೆ ಕುಳಿತೆವು. ನಾಲ್ಕು ಹಾಳೆಗಳು ಒಂದಾದುವು. ಮೇಲೆ ಹೆಸರು, ದೂರವಾಣಿ, ಇ-ಮೇಲ್. ಅದರ ಕೆಳಗೆ ಈಚಿನ ಕೆಲಸ ಮೊದಲು, ಹಳೆಯದು ಆಮೇಲೆ. ಅಂಗಡಿಯ ಮೂರು ವರ್ಷಕ್ಕೆ ಐದು ಸಾಲು ದೊರೆಯಿತು. ತಂದೆಯ ಕಾಯಿಲೆಯನ್ನು ಬರೆಯಲಿಲ್ಲ; ಕೇಳಿದರೆ ಹೇಳಬಹುದು, ಅನುಕಂಪ ಬೇಡುವುದಕ್ಕೆ ಹಾಳೆಯಲ್ಲಿ ಸ್ಥಳವಿಲ್ಲ. ಮುದ್ರಿಸಿದ ಪ್ರತಿಯನ್ನು ಅವನು ಬಹಳ ಹೊತ್ತು ನೋಡುತ್ತ ಕುಳಿತ. “ಇದನ್ನು ಅಪ್ಪನಿಗೆ ಓದಿ ಹೇಳುತ್ತೇನೆ ಸಾರ್” ಎಂದ.

ಮೊನ್ನೆ ಫೋನು ಮಾಡಿದ್ದ. ಒಂದು ಕಡೆಯಿಂದ ಕರೆ ಬಂದು ಹೋಗಿದ್ದನಂತೆ. ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ಕೇಳಿದ್ದೆಲ್ಲವೂ ಬಾಕಿ ವಸೂಲಿಯ ವಿಷಯವಂತೆ. ಫಲಿತಾಂಶ ಇನ್ನೂ ಬಂದಿಲ್ಲ. ನಾನೂ ಕಾಯುತ್ತಿದ್ದೇನೆ.