ಕಥೆಯ ಗುರುಗಳೂ ಮನುಷ್ಯರೇ ಅಲ್ಲವೇ?

ಕಳೆದ ವರ್ಷ ಶಾಲೆಯ ಕೈಬರಹ ಪತ್ರಿಕೆಗೆಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಥೆ ಬರೆದು ತಂದಳು. ಅದರಲ್ಲಿ ಅಕ್ಕನ ಓದು ಎಸ್ಸೆಸ್ಸೆಲ್ಸಿಗೇ ನಿಲ್ಲುತ್ತದೆ. ಆಗ ಮಾಸ್ತರರೊಬ್ಬರು ಮನೆಗೆ ಬಂದು ವಿದ್ಯೆಯ ಮಹತ್ವದ ಬಗ್ಗೆ ಒಂದೂವರೆ ಪುಟ ಮಾತನಾಡುತ್ತಾರೆ. ತಂದೆಯ ಕಣ್ಣು ತೇವವಾಗುತ್ತದೆ. ಮರುದಿನ ಅಕ್ಕ ಕಾಲೇಜಿಗೆ ಹೊರಡುತ್ತಾಳೆ.

ಭಾಷೆ ಚೆನ್ನಾಗಿತ್ತು. ಮಾಸ್ತರರನ್ನು ಮಾತ್ರ ನಂಬಲಾಗಲಿಲ್ಲ. "ಇಂಥವರನ್ನು ಎಲ್ಲಿ ನೋಡಿದ್ದೀಯಮ್ಮಾ?" ಎಂದು ಕೇಳಿದೆ.

"ನೋಡಿಲ್ಲ ಸರ್, ಅದಕ್ಕೇ ಬರೆದೆ" ಎಂದಳು.

ಅವಳ ಅಕ್ಕ ನನ್ನ ವಿದ್ಯಾರ್ಥಿನಿಯೇ. ಓದು ನಿಂತಾಗ ನಾನೂ ಆ ಮನೆಗೆ ಹೋಗಿದ್ದೆ. ಚಹಾ ಕುಡಿದೆ. ಮಳೆಯ ಬಗ್ಗೆ, ಅಡಿಕೆಯ ಧಾರಣೆಯ ಬಗ್ಗೆ ಮಾತನಾಡಿದೆ. ಬಂದ ವಿಷಯ ನಾಲಗೆಯ ತುದಿಯವರೆಗೆ ಬಂದು ಹಿಂದೆ ಹೋಯಿತು. ಹಾಗೆಯೇ ಎದ್ದು ಬಂದೆ. ಬಾಗಿಲ ಪರದೆಯ ಹಿಂದೆ ಈ ಹುಡುಗಿ ನಿಂತಿದ್ದಳೇನೋ!

ನಮ್ಮ ಸಹೋದರಿಯರು ಬರೆಯುವ ಕಥೆಗಳಲ್ಲಿ ಇಂಥ ಗುರುಗಳು ಬಹಳ. ಅವರಿಗೆ ಸಿಟ್ಟು ಬರುವುದಿಲ್ಲ, ಸಾಲವಿಲ್ಲ, ಮನೆಯಲ್ಲಿ ಕಾಯಿಲೆ ಬಿದ್ದವರಿಲ್ಲ. ಕಥಾನಾಯಕಿ ಕಷ್ಟದಲ್ಲಿರುವಾಗ ಬಂದು ಉಪದೇಶ ಮಾಡಿ ಹೋಗುವುದಷ್ಟೇ ಅವರ ಕೆಲಸ. ಓದುವವರು ಆ ಪುಟವನ್ನು ಹಾರಿಸಿ ಮುಂದೆ ಹೋಗುತ್ತಾರೆ. ನಾನೂ ಹಾರಿಸಿದ್ದೇನೆ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯನ್ನು ಅನೇಕರು ಓದಿರಬಹುದು. ಮೂಡಿಗೆರೆ ಕಡೆಯ ಕಥೆ ಅದು. ಕರ್ವಾಲೊ ದೊಡ್ಡ ವಿಜ್ಞಾನಿ. ಊರಿನವರ ಕಣ್ಣಿಗೆ ಮಂದಣ್ಣ ಏನಕ್ಕೂ ಬಾರದವನು. ಅವನ ಆಸೆಯಾದರೂ ಏನು? ಒಂದು ಜವಾನನ ಕೆಲಸ. ಅಂಥವನಲ್ಲಿ ಹುಟ್ಟಾ ಜೀವವಿಜ್ಞಾನಿಯೊಬ್ಬನಿದ್ದಾನೆಂದು ಕರ್ವಾಲೊ ಗುರುತಿಸುತ್ತಾರೆ. ಕಥೆ ಹೇಳುವ ಕೃಷಿಕನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಇಷ್ಟು ಓದಿದವರು ಈ ದಡ್ಡನ ಹಿಂದೆ ಯಾಕೆ ತಿರುಗುತ್ತಾರೆ?

ಗುಟ್ಟು ಅಲ್ಲಿಯೇ ಇದೆ. ಕರ್ವಾಲೊ ಅವರಿಗೆ ಮಂದಣ್ಣ ಬೇಕು. ಅವರು ಹುಡುಕುತ್ತಿರುವ ಹಾರುವ ಓತಿಯನ್ನು ಕಣ್ಣಾರೆ ಕಂಡವನು ಅವನು. ಕಾಡು ಗೊತ್ತಿರುವುದೂ ಅವನಿಗೇ. ಗುರುವಿಗೇ ಶಿಷ್ಯನ ಅಗತ್ಯವಿದೆ! ಆದ್ದರಿಂದ ಅವರ ಪ್ರೀತಿಯಲ್ಲಿ ಸ್ವಾರ್ಥವೂ ಸ್ವಲ್ಪ ಬೆರೆತಿದೆಯೇ ಎಂದು ಓದುಗನಿಗೆ ಅನುಮಾನ ಬರುತ್ತದೆ. ಆ ಅನುಮಾನದಿಂದ ಅವರು ಚಿಕ್ಕವರಾಗುವುದಿಲ್ಲ, ನಿಜವಾಗುತ್ತಾರೆ. ಕೊನೆಗೆ ಓತಿ ಕಣ್ಣೆದುರೇ ತೇಲಿ ಹೋಗಿ ಮರೆಯಾಗುತ್ತದೆ. ಅಷ್ಟೆಲ್ಲ ಪಾಡುಪಟ್ಟ ದೊಡ್ಡ ವಿಜ್ಞಾನಿ ಬರಿಗೈಯಲ್ಲಿ ನಿಲ್ಲುತ್ತಾರೆ. ನಮ್ಮ ಕಥೆಗಳ ಮಾಸ್ತರರು ಹೀಗೆ ಒಮ್ಮೆಯಾದರೂ ಸೋತದ್ದನ್ನು ನೀವು ನೋಡಿದ್ದೀರಾ?

ನಮ್ಮ ಮನೆಗಳಲ್ಲಿ ದಾರಿ ತೋರಿದವರು ಹೆಚ್ಚಾಗಿ ಹೆಂಗಸರೇ. ನನಗೆ ಮೊದಲು ಖುರ್‌ಆನ್ ಓದಿಸಿದ್ದು ಅಜ್ಜಿ. ಮೊರದಲ್ಲಿ ಅಕ್ಕಿ ಗೇರುತ್ತಾ, ತಲೆ ಎತ್ತದೆಯೇ ನನ್ನ ತಪ್ಪು ಉಚ್ಚಾರವನ್ನು ತಿದ್ದುತ್ತಿದ್ದರು. ಮೂರನೇ ಸಲವೂ ತಪ್ಪಿದರೆ ಬೈಗುಳ ಖಂಡಿತ. ಅದೇ ಅಜ್ಜಿಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಪೇಟೆಗೆ ಹೋದಾಗ ಬಸ್ಸಿನ ಬೋರ್ಡು ಬಂದೊಡನೆ ನನ್ನ ತೋಳು ಹಿಡಿದು, "ಯಾವ ಊರಿನದ್ದು ಮೋನೇ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಬೇರೆಯವರಿಗೆ ಕೇಳಿಸಬಾರದಲ್ಲ. ವಿದ್ಯೆಯ ಬಗ್ಗೆ ಅವರು ಒಂದು ದಿನವೂ ಭಾಷಣ ಮಾಡಲಿಲ್ಲ. ಆದರೆ ನನಗೆ ಅವರ ಬಗ್ಗೆ ಕಥೆ ಬರೆಯಲು ಬಂದರೆ ಆ ತೋಳು ಹಿಡಿದ ಕೈಯಿಂದಲೇ ಶುರುಮಾಡುತ್ತೇನೆ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ನಿನ್ನ ಮಾಸ್ತರರಿಗೆ ಒಂದು ಭಯ ಕೊಡು. ಆ ಮನೆಗೆ ಹೋದರೆ ಅವರಿಗೆ ಏನು ನಷ್ಟ ಎಂದು ಯೋಚಿಸು. ಒಂದೂವರೆ ಪುಟದ ಮಾತನ್ನು ಎರಡು ಸಾಲಿಗೆ ಇಳಿಸು. ತಂದೆಯೂ ಮಾತನಾಡಲಿ; ಅವರ ಕಾರಣ ಅವರಿಗೆ ಇದ್ದೇ ಇರುತ್ತದೆ. ಅಕ್ಕ ಸುಮ್ಮನೆ ಕುಳಿತು ಕೇಳುವುದೇಕೆ, ಅವಳಿಗೆ ಮಾಸ್ತರರ ಮೇಲೆ ಸಿಟ್ಟೂ ಬರಬಾರದೇ?

ವಾರ ಬಿಟ್ಟು ಮತ್ತೆ ಬರೆದು ತಂದಳು. ಈ ಸಲ ಮಾಸ್ತರರು ಚಹಾ ಕುಡಿಯುತ್ತಾರೆ, ಮಳೆಯ ಬಗ್ಗೆ ಮಾತನಾಡುತ್ತಾರೆ, ಎದ್ದು ಹೋಗುತ್ತಾರೆ. ಕೊಡೆ ಮರೆತು ಹೋಗಿದ್ದಾರೆ. ಅಕ್ಕ ಅದನ್ನು ಹಿಡಿದುಕೊಂಡು ಮಳೆಯಲ್ಲೇ ಗೇಟಿನವರೆಗೆ ಓಡುತ್ತಾಳೆ. "ಇದಕ್ಕೇ ಬಂದದ್ದಾ ಸರ್?" ಎಂದು ಕೇಳುತ್ತಾಳೆ. ಕಥೆ ಅಲ್ಲಿಗೆ ಮುಗಿದಿತ್ತು.

ಒಂದಕ್ಷರವನ್ನೂ ತಿದ್ದದೆ ಪತ್ರಿಕೆಯಲ್ಲಿ ಹಾಕಿದೆ. ಈ ವರ್ಷ ಅವಳೇ ಹತ್ತನೇ ತರಗತಿಯಲ್ಲಿದ್ದಾಳೆ. ಪರೀಕ್ಷೆಗೆ ಮೊದಲೇ ಒಂದು ಭಾನುವಾರ ಅವರ ಮನೆಗೆ ಹೋಗಬೇಕೆಂದಿದ್ದೇನೆ.