ಪುಟ್ಟಿ ಮೆತ್ತಿದರೆ ಬಿರುಕು ಹೋಗುತ್ತದೆಯೇ?

ನಮ್ಮ ಬೀದಿಯ ಸೀನಿಯರ್ ಅಣ್ಣನ ಹತ್ತಿರ ಹಳೆಯದೊಂದು ಫೈಬರ್‌ಗ್ಲಾಸ್ ಕಯಾಕ್ ಇದೆ. ಮಾರತ್ತಹಳ್ಳಿಯಲ್ಲಿ ಬೈಕ್ ನಿಲ್ಲಿಸಲೇ ಜಾಗವಿಲ್ಲ, ಇನ್ನು ಹನ್ನೆರಡು ಅಡಿಯ ದೋಣಿಗೆಲ್ಲಿ? ಹಾಗಾಗಿ ಅದು ನಮ್ಮ ಮನೆಯ ತಾರಸಿಯಲ್ಲಿತ್ತು. ಒಂದು ದಿನ ಅದನ್ನು ಸರಿಸುವಾಗ ನನ್ನ ಕೈ ಜಾರಿತು. ದೋಣಿಯ ತಳ ನೀರಿನ ತೊಟ್ಟಿಯ ಮೂಲೆಗೆ ಬಡಿದು, ಬೆರಳುದ್ದದ ಬಿರುಕು ಬಿತ್ತು.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಪೈಪ್ ಸೋರಿಕೆಗೆ ಹಚ್ಚುವ ಪುಟ್ಟಿ ಮೆತ್ತಿ, ಬಣ್ಣ ಬಳಿದು ಸುಮ್ಮನಾದೆ. ವಾರದ ನಂತರ ಅಣ್ಣನ ಫೋನ್: ‘ಭಾನುವಾರ ಹೊನ್ನಾವರಕ್ಕೆ ಹೋಗ್ತಿದ್ದೀನಿ, ಶರಾವತೀಲಿ ಕಯಾಕ್ ಇಳಿಸ್ಬೇಕು.’ ಆ ರಾತ್ರಿ ನಿದ್ದೆ ಬರಲಿಲ್ಲ. ನದಿಯ ನಡುವೆ ಪುಟ್ಟಿ ಬಿಟ್ಟುಕೊಂಡರೆ?

ಬೆಳಿಗ್ಗೆಯೇ ಹೋಗಿ ಒಪ್ಪಿಕೊಂಡೆ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಬಿ.ಇ. ಓದ್ತಿದ್ದೀಯಲ್ವಾ? ನೀನೇ ಸರಿ ಮಾಡು. ನಾನು ಪಕ್ಕದಲ್ಲಿ ಕೂತು ನೋಡ್ತೀನಿ’ ಎಂದ. ಪ್ರವಾಸ ಮುಂದಕ್ಕೆ ಹೋಯಿತು.

ಕಾಂಪೋಸಿಟ್ ಎಂದರೆ ಎಳೆ ಮತ್ತು ಅಂಟಿನ ಜೋಡಿ. ಭಾರ ಹೊರುವುದು ಗಾಜಿನ ಎಳೆ, ಅದನ್ನು ಹಿಡಿದಿಡುವುದು ರೆಸಿನ್. ನಮ್ಮ ತಾರಸಿಯ ಮೇಲೆ ಸದ್ದು ಮಾಡುತ್ತ ಹಾರುವ ತೇಜಸ್ ಕೂಡ ಇದೇ ಕುಟುಂಬದ್ದು. 2001ರ ಜನವರಿ 4ರಂದು ಪಕ್ಕದ ಎಚ್‌ಎಎಲ್ ರನ್‌ವೇಯಿಂದಲೇ ಮೊದಲು ಹಾರಿದ ಈ ವಿಮಾನದ ದೇಹದ ತೂಕದಲ್ಲಿ ಸುಮಾರು ಶೇ 45ರಷ್ಟು ಕಾಂಪೋಸಿಟ್, ಹೆಚ್ಚಾಗಿ ಕಾರ್ಬನ್ ಎಳೆ. ಪುಟ್ಟಿ ಸಂದನ್ನು ತುಂಬುತ್ತದೆ, ತುಂಡಾದ ಎಳೆಗಳನ್ನು ಜೋಡಿಸುವುದಿಲ್ಲ. ನನ್ನ ತಪ್ಪು ಅಲ್ಲಿತ್ತು.

ಮೊದಲು ಪುಟ್ಟಿ ಕೆರೆದು, ನಾಣ್ಯದಿಂದ ತಳವನ್ನು ತಟ್ಟುತ್ತ ಹೋದೆವು. ಗಟ್ಟಿ ಇರುವಲ್ಲಿ ‘ಟಕ್’, ಪದರ ಬಿಟ್ಟಿರುವಲ್ಲಿ ‘ಡಬ್’. ಕಣ್ಣಿಗೆ ಕಂಡದ್ದು ಬೆರಳುದ್ದದ ಬಿರುಕು, ಒಳಗೆ ಹಾಳಾಗಿದ್ದು ಅಂಗೈ ಅಗಲ. ಸಡಿಲವಾದದ್ದನ್ನೆಲ್ಲ 80 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ತೆಗೆದು, ಸುತ್ತಲೂ ಇಳಿಜಾರು ಮಾಡಿದೆವು. ಅಸಿಟೋನ್‌ನಿಂದ ಒರೆಸಿದೆವು.

ಎಪಾಕ್ಸಿ ಕಲಸುವಾಗ ಎರಡನೇ ಪಾಠ. ಒಂದು ಲೋಟ ತುಂಬ ಕಲಸಿಟ್ಟೆ. ಹತ್ತೇ ನಿಮಿಷದಲ್ಲಿ ಲೋಟ ಬಿಸಿಯಾಗಿ ಹೊಗೆ ಬಂತು, ‘ಮನೆ ಸುಡ್ತೀಯೇನೋ?’ ಎಂದು ಅಮ್ಮ ಓಡಿ ಬಂದರು. ಗಟ್ಟಿಯಾಗುವಾಗ ಹುಟ್ಟುವ ಶಾಖ ಆಳದ ಲೋಟದಲ್ಲಿ ಹೊರಹೋಗದು. ಮುಂದೆ ಸ್ವಲ್ಪಸ್ವಲ್ಪವೇ ಕಲಸಿ ಅಗಲ ತಟ್ಟೆಗೆ ಸುರಿದೆವು. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದೂ ತಪ್ಪು. ಡಬ್ಬಿಯ ಮೇಲಿನ ಅಳತೆಯನ್ನೇ ತೂಗಿ ಹಾಕಬೇಕು, ಇಲ್ಲದಿದ್ದರೆ ಅಂಟು ಮೆತ್ತಗೇ ಉಳಿಯುತ್ತದೆ.

ಗಾಜಿನ ಬಟ್ಟೆಯ ಮೂರು ತುಂಡು, ಒಂದಕ್ಕಿಂತ ಒಂದು ದೊಡ್ಡದು. ಪ್ರತಿಯೊಂದನ್ನೂ ಬಿಳುಪು ಹೋಗಿ ಪಾರದರ್ಶಕ ಆಗುವವರೆಗೆ ಬ್ರಷ್‌ನಿಂದ ಒತ್ತಿ, ಗಾಳಿಗುಳ್ಳೆ ಹೊರಹಾಕಿದೆವು. ಮೇಲೆ ಪ್ಲಾಸ್ಟಿಕ್ ಹಾಳೆ. ಒಂದು ಪೂರ್ತಿ ದಿನ ಮುಟ್ಟಲಿಲ್ಲ. ಆಮೇಲೆ ಸೋಪು ನೀರಿನಿಂದ ತೊಳೆದು, ನಯವಾಗಿ ಉಜ್ಜಿ, ಬಣ್ಣ ಬಳಿದೆವು. ಬಿಸಿಲಿಗೆ ಎಪಾಕ್ಸಿ ಹಾಳಾಗುತ್ತದೆ, ಬಣ್ಣ ಅದಕ್ಕೇ ಬೇಕು. ನೀವು ಮಾಡುವುದಾದರೆ ಕೈಗವಸು, ಮಾಸ್ಕ್, ಕನ್ನಡಕ ಮರೆಯಬೇಡಿ. ಗಾಜಿನ ಧೂಳು ಮೈಗೂ ಶ್ವಾಸಕ್ಕೂ ಕೆಟ್ಟದ್ದು.

ಮೂರನೇ ಭಾನುವಾರ ಹೊನ್ನಾವರದಲ್ಲಿ ಮೊಣಕಾಲುದ್ದದ ನೀರಿನಲ್ಲಿ, ದಡದ ಹತ್ತಿರವೇ ಅರ್ಧ ಗಂಟೆ ಪರೀಕ್ಷೆ. ಮೊದಲು ಕೂತವನು ನಾನೇ. ಒಳಗೆ ಒಂದು ಹನಿಯೂ ಬರಲಿಲ್ಲ.

ತೇಪೆಯ ಬಣ್ಣ ಮಾತ್ರ ಉಳಿದ ತಳಕ್ಕೆ ಹೊಂದಲಿಲ್ಲ. ಮತ್ತೆ ಬಳಿಯಲೇ ಎಂದು ಕೇಳಿದೆ. ‘ಇರಲಿ ಬಿಡೋ. ಪ್ರತಿ ಸಲ ನೀರಿಗಿಳಿಸೋ ಮೊದಲು ಎಲ್ಲಿ ನೋಡ್ಬೇಕು ಅಂತ ಗೊತ್ತಾಗುತ್ತೆ’ ಎಂದ ಅಣ್ಣ.